ಮದುವೆಯಾದ ಪತ್ತೇದಾರಿಣಿ, 2071ರ ಕೊಲೆ: ಗಂಡನನ್ನು ಕಥೆಯಲ್ಲಿ ಎಲ್ಲಿ ಕೂರಿಸಲಿ?

ತುಂಗೆಯ ದಡದವಳು
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಎರಡು ವರ್ಷಗಳಿಂದ, ಪತ್ತೇದಾರಿಯೂ ಪ್ರೇಮಕಥೆಯೂ ಆದ ಒಂದು ಕಾದಂಬರಿಯ ಬೆನ್ನು ಹತ್ತಿದ್ದೇನೆ. ಕಥೆ ನಡೆಯುವುದು 2071ರಲ್ಲಿ, ಅರ್ಧ ಶಿವಮೊಗ್ಗ ಪೇಟೆಯಲ್ಲಿ, ಇನ್ನರ್ಧ ತೀರ್ಥಹಳ್ಳಿಯ ಆಚೆಗಿನ ಒಂದು ಒಂಟಿ ಮನೆಯಲ್ಲಿ. ನಾಯಕಿ ಕೊಲೆ ಪ್ರಕರಣಗಳ ತನಿಖಾಧಿಕಾರಿ. ಮದುವೆಯಾಗಿ ಒಂಬತ್ತು ವರ್ಷವಾಗಿದೆ. ಗಂಡ ಅಡಿಕೆ ತೋಟಗಳಿಗೆ ಡ್ರೋನಿನಲ್ಲಿ ಔಷಧಿ ಹೊಡೆದು ಕೊಡುವ ಉದ್ಯೋಗದವನು. ಜುಲೈ ತಿಂಗಳಲ್ಲಿ ಎಂಟು ದಿನ ಬಿಡದೆ ಸುರಿದ ಮಳೆಯ ನಡುವೆ ಆ ಒಂಟಿ ಮನೆಯ ಯಜಮಾನರ ಕೊಲೆಯಾಗುತ್ತದೆ. ಕೊಲೆಗೆ ಎರಡು ದಿನ ಮೊದಲು ಗಂಡ ಅದೇ ತೋಟಕ್ಕೆ ಔಷಧಿ ಹೊಡೆಯಲು ಹೋಗಿದ್ದರಿಂದ ಅವನ ಹೆಸರೂ ವಿಚಾರಣೆಯ ಪಟ್ಟಿಯಲ್ಲಿ ಸೇರುತ್ತದೆ. ಕೊಲೆಯ ದಿನ ಮಾತ್ರ ತಾನು ಬೆಳಗಿನಿಂದ ಸಂಜೆಯವರೆಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿದ್ದೆ ಎಂದು ಅವನು ಹೇಳುತ್ತಾನೆ. ಹದಿನಾಲ್ಕನೆಯ ಅಧ್ಯಾಯದಲ್ಲಿ, ಮನುಷ್ಯನ ನೆನಪನ್ನು ಚಿತ್ರವಾಗಿ ತೋರಿಸುವ ಯಂತ್ರವೊಂದರ ಮುಂದೆ ಅವನನ್ನು ಕೂರಿಸಿ ನಾಯಕಿ ಸತ್ಯವನ್ನು ತಿಳಿಯುತ್ತಾಳೆ.

ಹದಿನೈದು ಅಧ್ಯಾಯಗಳನ್ನು ನಮ್ಮ ಓದುಗರ ಬಳಗದಲ್ಲಿ ಓದಿದೆ. ಮದುವೆಯಾದವರ ನಡುವೆ ಪ್ರೇಮದ ತವಕವೂ ಇರುವುದಿಲ್ಲ, ಅನುಮಾನದ ತವಕವೂ ಇರುವುದಿಲ್ಲ ಎಂದು ಮೂವರು ಖಚಿತವಾಗಿ ಹೇಳಿದರು. "ಅವಳಿಗೆ ಮದುವೆಯೇ ಆಗಿಲ್ಲವೆಂದು ಬರೆಯಿರಿ, ಎಲ್ಲ ಸರಿಹೋಗುತ್ತದೆ" ಎಂದು ಹಿರಿಯರೊಬ್ಬರು ಚಹಾದ ಲೋಟವನ್ನು ಕೆಳಗಿಟ್ಟು ಎದ್ದೇಬಿಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಏಕೆ ಒಪ್ಪಿಗೆಯಾಗಲಿಲ್ಲ ಎಂದು ವಾದಿಸಲೂ ಆಗಲಿಲ್ಲ. ನೀವು ಏನು ಹೇಳುತ್ತೀರಿ?

ಹಳೆ ಪುಟ
ಆ ಹಿರಿಯರಿಗೆ ಮದುವೆಯಾಗಿದೆಯೇ ಎಂದು ಮೊದಲು ವಿಚಾರಿಸಿ. ಸಂಸಾರಸ್ಥರಾರೂ ಗಂಡ ಹೆಂಡಿರ ನಡುವೆ ಅನುಮಾನಕ್ಕೆ ಎಡೆಯಿಲ್ಲವೆಂದು ಇಷ್ಟು ಧೈರ್ಯವಾಗಿ ಹೇಳಲಾರರು.

ಸಾಗರ ಸೀಮೆ
ತಮಾಷೆ ಇರಲಿ, ಬಳಗದವರು ಹೇಳಿದ್ದರಲ್ಲಿ ತಪ್ಪೇನಿದೆ? ಪ್ರೇಮಕಥೆಯನ್ನು ನಾವು ಓದುವುದು ಇಬ್ಬರೂ ಸೇರುತ್ತಾರೋ ಇಲ್ಲವೋ ಎಂಬ ಕಾತರದಿಂದ. ತಾಳಿ ಕಟ್ಟಿದಲ್ಲಿಗೆ ಆ ಕಾತರ ಮುಗಿಯಿತು. ಇತ್ತ ಗಂಡ ಕೊಲೆಗಾರನಾದರೆ ಪ್ರೇಮಕಥೆಯೇ ಸತ್ತುಹೋಗುವುದರಿಂದ, ಅವನು ಕೊಲೆಗಾರನಾಗಿರಲಾರ ಎಂಬುದು ಓದುಗನಿಗೆ ಮೂರನೆಯ ಪುಟದಲ್ಲೇ ತಿಳಿದುಹೋಗುತ್ತದೆ. ಹಗ್ಗದ ಎರಡೂ ತುದಿ ಸಡಿಲವಾದ ಮೇಲೆ ಎಳೆಯುವುದು ಏನನ್ನು?

ಪುಸ್ತಕದ ಹುಳು
ಸಾಗರ ಸೀಮೆಯವರ ವಾದಕ್ಕೆ ಎದುರಾಗಿ ಮೂವತ್ತು ವರ್ಷಗಳ ಸಾಕ್ಷ್ಯವೇ ಇದೆ. ನೋರಾ ರಾಬರ್ಟ್ಸ್ ಅವರು ಜೆ.ಡಿ. ರಾಬ್ ಎಂಬ ಹೆಸರಿನಲ್ಲಿ 1995ರಿಂದ ಬರೆಯುತ್ತಿರುವ ಇಂಗ್ಲಿಷ್ ಸರಣಿಯ ಮೊದಲ ಪುಸ್ತಕದ ಕಾಲ 2058, ಊರು ನ್ಯೂಯಾರ್ಕ್, ನಾಯಕಿ ಕೊಲೆ ವಿಭಾಗದ ಪೊಲೀಸ್ ಅಧಿಕಾರಿ. ಅವಳು ಮನಸ್ಸು ಕೊಟ್ಟವನೇ ಆ ಮೊದಲ ಪ್ರಕರಣದ ಶಂಕಿತ. ಇಲ್ಲಿಯವರೆಗೆ ನಿಮ್ಮ ಬಳಗದ ಹಿರಿಯರಿಗೂ ಒಪ್ಪಿಗೆಯಾದೀತು. ಆದರೆ ಮೂರನೆಯ ಪುಸ್ತಕದ ಕೊನೆಯಲ್ಲೇ ಇಬ್ಬರಿಗೂ ಮದುವೆಯಾಗುತ್ತದೆ. ಅದಾದ ಮೇಲೆ ಐವತ್ತಕ್ಕೂ ಹೆಚ್ಚು ಪುಸ್ತಕಗಳಲ್ಲಿ ಅವಳು ಮದುವೆಯಾದವಳಾಗಿಯೇ ಕೊಲೆಗಾರರನ್ನು ಹಿಡಿಯುತ್ತಾಳೆ. ಓದುಗರು ಬಿಟ್ಟುಹೋಗಿದ್ದರೆ ಸರಣಿ ನಾಲ್ಕನೆಯ ಪುಸ್ತಕಕ್ಕೇ ನಿಲ್ಲಬೇಕಾಗಿತ್ತು.

ಸಾಗರ ಸೀಮೆ
ಅಲ್ಲಿ ಗಂಡ ಕೋಟ್ಯಧಿಪತಿ, ಯಾವ ಕಂಪ್ಯೂಟರಿನ ಬೀಗವನ್ನಾದರೂ ಮುರಿಯಬಲ್ಲವನು, ಹಿಂದೆ ಕಳ್ಳದಾರಿಯಲ್ಲಿ ನಡೆದವನು. ಇಲ್ಲಿ ಗಂಡ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವನು. ಹೋಲಿಕೆಗೂ ಒಂದು ಮಿತಿ ಬೇಡವೇ ಮಾರಾಯ್ರೆ?

ಠಾಣೆಯ ಹಳಬ
ನಾನು ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಪ್ರೇಮದ ವಿಚಾರ ನಿಮ್ಮ ನಿಮ್ಮಲ್ಲೇ ಇತ್ಯರ್ಥವಾಗಲಿ. ನನಗೆ ಕಂಡ ತೊಡಕು ಬೇರೆ. ಗಂಡನ ಹೆಸರು ವಿಚಾರಣೆಯ ಪಟ್ಟಿಗೆ ಬಂದ ಕ್ಷಣದಿಂದ ಆ ಹೆಣ್ಣುಮಗಳು ತನಿಖಾಧಿಕಾರಿಯಾಗಿ ಮುಂದುವರಿಯುವಂತಿಲ್ಲ. ಮೇಲಧಿಕಾರಿಗೆ ಬರೆದುಕೊಟ್ಟು ಕಡತವನ್ನು ಬೇರೊಬ್ಬರಿಗೆ ದಾಟಿಸಲೇಬೇಕು. ಅವಳು ದಾಟಿಸದಿದ್ದರೆ ಆರೋಪಿಯ ಪರ ವಕೀಲರು ಮೊದಲ ದಿನದ ಪಾಟೀಸವಾಲಿನಲ್ಲೇ ಇಡೀ ಪ್ರಕರಣವನ್ನು ಹರಿದು ಹಾಕುತ್ತಾರೆ. ನನ್ನ ಕಾಲದಲ್ಲಿ ಹೆಂಡತಿಯ ಕಡೆಯ ನೆಂಟರೊಬ್ಬರು ಬೇಲಿ ಜಗಳದ ದೂರಿನಲ್ಲಿ ಸಿಕ್ಕಿಕೊಂಡಿದ್ದರು. ಸಣ್ಣ ಪ್ರಕರಣವಾದರೂ ಕಾಗದ ಬರೆದು ಕಡತವನ್ನು ಪಕ್ಕದವರಿಗೆ ಕೊಟ್ಟೆ. ಆ ನೆಂಟರ ಮನೆಯ ಊಟ ನಾಲ್ಕು ವರ್ಷ ತಪ್ಪಿತು, ನಮ್ಮ ಮನೆಯ ಊಟ ನಾಲ್ಕು ದಿನ ತಪ್ಪಿತು.

ಹದಿನೈದು ಅಧ್ಯಾಯಗಳಲ್ಲಿ ಮಹಜರು ಎಲ್ಲಿದೆ ಎಂಬುದನ್ನೂ ದಯವಿಟ್ಟು ನೋಡಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಹೊಸ ಅಪರಾಧ ಪ್ರಕ್ರಿಯೆಯ ಕಾನೂನಿನ, ಪ್ರಕಾರ ಶೋಧ ಮತ್ತು ಜಪ್ತಿಯನ್ನು ಈಗಾಗಲೇ ವಿಡಿಯೊ ಮಾಡಬೇಕು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. 2071ರ ಅಧಿಕಾರಿ ಒಬ್ಬಳೇ ಟಾರ್ಚು ಹಿಡಿದು ಅಟ್ಟ ಹತ್ತುವ ಹಾಗಿಲ್ಲ.

ತುಂಗೆಯ ದಡದವಳು
ಸರ್, ಹಾಗಾದರೆ ನನ್ನ ಕಥೆಯ ಬುಡವೇ ಕಡಿದುಹೋಯಿತಲ್ಲ! ಅವಳ ಕೈಯಿಂದ ಕಡತ ಹೋದರೆ ಅವಳು ನಾಯಕಿಯಾಗಿ ಉಳಿಯುವುದು ಹೇಗೆ?

ಠಾಣೆಯ ಹಳಬ
ಕಡಿದುಹೋಗಿಲ್ಲ ತಾಯಿ, ನೀವು ಹೆಸರನ್ನು ಬೇಗ ಬಹಿರಂಗ ಮಾಡಿದ್ದೀರಿ, ಅಷ್ಟೆ. ಎರಡು ದಿನ ಮೊದಲು ತೋಟಕ್ಕೆ ಹೋಗಿದ್ದವರ ಪಟ್ಟಿಯಲ್ಲಿ ಹತ್ತು ಜನರಿರಬಹುದು. ಅವನ ಹೆಸರು ಅಲ್ಲಿರುವುದನ್ನು ಮೇಲಿನವರಿಗೆ ತಿಳಿಸಿ, ಅಷ್ಟರಿಂದ ಅನುಮಾನ ಬೇಡವೆಂದು ಅವರಿಂದ ಬರೆಸಿಕೊಂಡು ಅವಳು ಮುಂದುವರಿಯಲಿ. ಆಮೇಲೆ ಒಂದು ರಾತ್ರಿ ಅವಳಿಗೆ ಒಬ್ಬಳಿಗೇ ತಿಳಿಯಬೇಕು. ಅವಳಿಗೆ ತಿಳಿದದ್ದಕ್ಕೂ ಬೆಳಿಗ್ಗೆ ಹತ್ತು ಗಂಟೆಗೆ ಮೇಲಧಿಕಾರಿಯ ಮೇಜಿನ ಮೇಲೆ ಕಾಗದ ಇಡುವುದಕ್ಕೂ ನಡುವೆ ಎಷ್ಟು ಗಂಟೆಗಳಿವೆಯೋ ಅಷ್ಟೇ ನಿಮ್ಮ ಕಾದಂಬರಿ. ಬೇಲಿ ಜಗಳದ ಕಾಗದ ಬರೆಯುವ ಮೊದಲು ನಾನೇ ಒಂದು ರಾತ್ರಿ ನಿದ್ದೆ ಮಾಡಿರಲಿಲ್ಲ.

ಗಣಕ ಗಿರಾಕಿ
ನಾನು ಹೊಸನಗರದವನು, ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರು. ಆ ಒಂದು ರಾತ್ರಿ 2071ರಲ್ಲಿ ಸಿಗುವುದಿಲ್ಲ ಎಂಬುದೇ ನನ್ನ ತಕರಾರು. ಇಂದೇ ನಮ್ಮ ಕೈಗಡಿಯಾರ ನಾಡಿಬಡಿತವನ್ನು ಎಣಿಸುತ್ತದೆ, ಫೋನು ನಾವು ಎಲ್ಲಿದ್ದೆವೆಂದು ಬರೆದಿಡುತ್ತದೆ. ಇನ್ನು ನಲವತ್ತೈದು ವರ್ಷಗಳ ಮೇಲೆ, ಗಂಡನ ವಾಹನ ಗಾಂಧಿ ಬಜಾರಿನಲ್ಲಿತ್ತೋ ತೀರ್ಥಹಳ್ಳಿಯ ರಸ್ತೆಯಲ್ಲಿತ್ತೋ ಎಂಬುದು ಅವನು ಮನೆಗೆ ಬರುವ ಮೊದಲೇ ಇಲಾಖೆಗೆ ತಿಳಿದಿರುತ್ತದೆ. ಹೆಂಡತಿಗಿಂತ ಮೊದಲು ಯಂತ್ರಕ್ಕೆ ತಿಳಿಯುವ ಲೋಕದಲ್ಲಿ ಹೆಂಡತಿಗೆ ಮಾತ್ರ ತಿಳಿಯುವಂಥದ್ದು ಏನು ಉಳಿದಿರುತ್ತದೆ?

ಆಗುಂಬೆ ಮಳೆ
ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನ ಕಡೆಯವನಾಗಿ ಉತ್ತರಿಸುತ್ತೇನೆ. ಜುಲೈಯಲ್ಲಿ ತಂತಿಯ ಮೇಲೆ ಒಂದು ಮರ ಒರಗಿದರೆ ನಾಲ್ಕು ದಿನ ಕರೆಂಟಿಲ್ಲ, ಕರೆಂಟಿಲ್ಲದ ಮೇಲೆ ಟವರೂ ಇಲ್ಲ. ನಿಮ್ಮ ಯಂತ್ರಗಳನ್ನು ನಮ್ಮ ಕಡೆಗೆ ತರುವಾಗ ಜೊತೆಗೆ ಒಂದು ಕಂದೀಲನ್ನೂ ತನ್ನಿ.

ಗಣಕ ಗಿರಾಕಿ
ಮಳೆ ಬಂತು, ಯಂತ್ರ ಕೆಟ್ಟಿತು, ಆದ್ದರಿಂದ ಯಾರಿಗೂ ತಿಳಿಯಲಿಲ್ಲ ಎಂದು ಬರೆಯುವುದು ಲೇಖಕರು ಹಿಡಿಯುವ ಕಳ್ಳದಾರಿ. ಯಂತ್ರಗಳೆಲ್ಲ ಸರಿಯಾಗಿ ಕೆಲಸ ಮಾಡುತ್ತಿರುವಾಗಲೂ ತಪ್ಪಿಸಿಕೊಳ್ಳುವಂಥ ಸತ್ಯ ಬೇಕು. ಫೋನನ್ನು ಗಾಂಧಿ ಬಜಾರಿನ ಅಂಗಡಿಯಲ್ಲಿ ಬಿಟ್ಟು, ಬೇರೆ ಯಾರದೋ ಗಾಡಿಯಲ್ಲಿ ಹೋದವನನ್ನು ಯಂತ್ರ ಹಿಡಿಯಲಾರದು ಎಂಬುದನ್ನು ಮಾತ್ರ ಒಪ್ಪುತ್ತೇನೆ. ಅಲ್ಲಿಂದ ಮುಂದೆ ಅವನನ್ನು ಯಾವುದು ಹಿಡಿಯುತ್ತದೆ ಎಂದು ನೀವೇ ಹೇಳಿ.

ಕರಿಕೋಟು
ವಕೀಲಿಕೆಯಲ್ಲಿರುವವಳಾಗಿ ಹದಿನಾಲ್ಕನೆಯ ಅಧ್ಯಾಯದ ಬಗ್ಗೆ ಹೇಳಬೇಕಾದ ಮಾತಿದೆ. ನೆನಪು ತೋರಿಸುವ ಯಂತ್ರದ ಮುಂದೆ ಯಾರನ್ನೂ ಬಲವಂತವಾಗಿ ಕೂರಿಸುವಂತಿಲ್ಲ. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ನಕ್ಷೆ, ಈ ಮೂರನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಸುಪ್ರೀಂ ಕೋರ್ಟು 2010ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಎದುರುವಾದಿ ನಮ್ಮ ಕರ್ನಾಟಕ ರಾಜ್ಯವೇ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಎಂಬ ಸಂವಿಧಾನದ 20ನೆಯ ವಿಧಿ ಅದಕ್ಕೆ ಆಧಾರ. ಯಂತ್ರ ಎಷ್ಟು ಹೊಸದಾದರೂ ವಿಧಿ ಹಳೆಯದೇ.

ಇನ್ನೊಂದು ಸಂಗತಿ ನಿಮಗೆ ಯಂತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು. ದಾಂಪತ್ಯದ ಅವಧಿಯಲ್ಲಿ ಗಂಡ ಹೆಂಡತಿಗೆ ಹೇಳಿದ ಮಾತನ್ನು, ಅವನ ಒಪ್ಪಿಗೆಯಿಲ್ಲದೆ, ಅವಳು ನ್ಯಾಯಾಲಯದಲ್ಲಿ ಹೊರಗೆಡಹುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯ 122ನೆಯ ಕಲಮಿನಲ್ಲಿದ್ದ ಈ ನಿಯಮ ಈಗಿನ ಸಾಕ್ಷ್ಯ ಅಧಿನಿಯಮದ 128ರಲ್ಲಿಯೂ ಇದೆ. ಅವರಿಬ್ಬರ ನಡುವಿನದೇ ವ್ಯಾಜ್ಯವಾಗಿದ್ದರೆ, ಅಥವಾ ಒಬ್ಬರ ಮೇಲೆ ಇನ್ನೊಬ್ಬರು ಅಪರಾಧ ಮಾಡಿದ್ದರೆ ಮಾತ್ರ ವಿನಾಯಿತಿ. ಅಂದರೆ ಅವನು ರಾತ್ರಿ ದೀಪ ಆರಿಸಿ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟರೆ, ಪೊಲೀಸ್ ಅಧಿಕಾರಿಯಾಗಿ ಅವಳ ಬಾಯಿಗೆ ಬೀಗ ಬಿದ್ದಂತೆ. ಪ್ರೀತಿಯಿಂದ ಹೇಳಿದನೋ, ಬಾಯಿ ಮುಚ್ಚಿಸಲೆಂದು ಹೇಳಿದನೋ? ಸಾಗರ ಸೀಮೆಯವರೇ, ಈ ಪ್ರಶ್ನೆಯನ್ನು ಅವಿವಾಹಿತೆಯ ಕಥೆಯಲ್ಲಿ ಕೇಳಲು ಸಾಧ್ಯವೇ?

ಸಾಗರ ಸೀಮೆ
ಇದು ನಾನು ಎಣಿಸದೇ ಇದ್ದ ತಿರುವು, ಒಪ್ಪಿದೆ. ಆದರೂ ಕಲಮು ಓದಿ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ.

ಹಳೆ ಪುಟ
ನಡುವೆ ಬಾಯಿ ಹಾಕುತ್ತಿದ್ದೇನೆ. ಶೀರ್ಷಿಕೆಯಲ್ಲಿ "ಪತ್ತೇದಾರಿಣಿ" ಎಂದಿದ್ದೀರಿ. "ಠಾಣೇದಾರಿಣಿ", "ಜಮಾದಾರಿಣಿ" ಎಂದು ಯಾರೂ ಹೇಳುವುದಿಲ್ಲವಲ್ಲ? ಪತ್ತೇದಾರ್ತಿ ಎಂದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ, ಅದೂ ನಿಜ.

ಠಾಣೆಯ ಹಳಬ
ಠಾಣೆಯಲ್ಲಿ ಎಲ್ಲರೂ "ಮೇಡಂ" ಎನ್ನುತ್ತಾರೆ. ಕಾದಂಬರಿಯಲ್ಲೂ ಹಾಗೆಯೇ ಬರೆಯಲಿ.

ಆಸ್ಪತ್ರೆ ಓಣಿ
ಸಾವಿನ ಸಮಯವನ್ನು ಹೇಗೆ ತೀರ್ಮಾನಿಸಿದ್ದೀರಿ ಎಂದು ತಿಳಿಯುವ ಕುತೂಹಲವಿದೆ. ಸತ್ತ ಮೇಲೆ ಎರಡು ಮೂರು ಗಂಟೆಗಳಲ್ಲಿ ದೇಹ ಸೆಟೆಯಲು ತೊಡಗಿ, ಸುಮಾರು ಹನ್ನೆರಡು ಗಂಟೆಗಳಲ್ಲಿ ಪೂರ್ತಿ ಸೆಟೆದು, ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಚಳಿ ಅದನ್ನು ತಡಮಾಡುತ್ತದೆ, ಶಾಖ ಅವಸರಪಡಿಸುತ್ತದೆ. ಮಲೆನಾಡಿನ ಮನೆಯಲ್ಲಿ ಮಳೆಗಾಲದ ಹಗಲೂ ರಾತ್ರಿ ಬಚ್ಚಲ ಒಲೆಯಲ್ಲಿ ಬೆಂಕಿ ಇದ್ದೇ ಇರುತ್ತದೆಯಲ್ಲ, ಯಜಮಾನರ ದೇಹ ಆ ಒಲೆಯ ಪಕ್ಕದಲ್ಲಿ ಬಿದ್ದಿದ್ದರೆ, ಹೊರಗಿನ ಚಳಿಯನ್ನು ನಂಬಿ ಲೆಕ್ಕ ಹಾಕಿದ ತಜ್ಞರು ಹಲವು ಗಂಟೆ ತಪ್ಪುತ್ತಾರೆ. ಒಲೆಯ ಬೂದಿಯನ್ನು ಮುಟ್ಟಿ ನೋಡುವ ಬುದ್ಧಿ ಯಂತ್ರಕ್ಕಿಂತ ಮೊದಲು ಹಳ್ಳಿಯಲ್ಲಿ ಬೆಳೆದ ಹೆಣ್ಣಿಗೆ ಬರುತ್ತದೆ.

ತೋಟದ ಮನೆ
ಗಣಕ ಗಿರಾಕಿಯವರು "ಯಾವುದು ಹಿಡಿಯುತ್ತದೆ" ಎಂದು ಕೇಳಿದ್ದರು. ನಾನು ತೀರ್ಥಹಳ್ಳಿ ಕಡೆಯ ಗೃಹಿಣಿ, ಕಾದಂಬರಿ ಬರೆದವಳಲ್ಲ. ಆದರೆ ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಉಂಬಳ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಜಿಗಣೆ.

ಕಳೆದ ಆಷಾಢದಲ್ಲಿ ನಮ್ಮ ಯಜಮಾನರು "ಪೇಟೆಗೆ ಹೋಗಿದ್ದೆ" ಎಂದು ಹೇಳಿ ಜಗಲಿಯ ಮೇಲೆ ಕುಳಿತರು. ಕಾಫಿ ಕೊಡಲು ಬಗ್ಗಿದಾಗ, ಅವರ ಬಿಳಿ ಪಂಚೆಯ ಅಂಚಿನಲ್ಲಿ ಕಾಸಿನಗಲದ ಕೆಂಪು ಕಲೆ ಕಂಡಿತು; ನಾನು ನೋಡುತ್ತಿದ್ದಂತೆಯೇ ಅದು ಅಗಲವಾಗುತ್ತಿತ್ತು. ಪಂಚೆ ಎತ್ತಿ ನೋಡಿದರೆ ಕಣಕಾಲಿನ ಮೇಲೆ ಮೂರು ಗೆರೆ ಸೇರಿದಂಥ ಸಣ್ಣ ಗಾಯ. ಉಂಬಳ ಕಚ್ಚಿ ಬಿಟ್ಟ ಜಾಗ ಗಂಟೆಗಟ್ಟಲೆ ಒಸರುತ್ತದೆ, ನೋವಿಲ್ಲದ್ದರಿಂದ ಕಚ್ಚಿಸಿಕೊಂಡವರಿಗೇ ತಿಳಿಯುವುದಿಲ್ಲ. ನಾನು ಮಾತಾಡದೆ ಒಳಗಿನಿಂದ ಎಲೆಯಡಿಕೆ ತಟ್ಟೆಯ ಸುಣ್ಣ ತಂದು ಗಾಯಕ್ಕೆ ಒತ್ತಿ ಹಿಡಿದೆ. ಅವರೂ ಮಾತಾಡಲಿಲ್ಲ. ನಿಜ ಸಂಗತಿ ಏನೆಂದರೆ, ಬೇಡವೆಂದು ನಾನು ಹಟ ಹಿಡಿದಿದ್ದ ಬೆಟ್ಟದ ಪಕ್ಕದ ಜಾಗವನ್ನು ದಲ್ಲಾಳಿಯ ಜೊತೆ ನೋಡಲು ಹೋಗಿದ್ದರು. ಕೊಲೆಯೇನೂ ಆಗಿರಲಿಲ್ಲ, ಆದರೆ ಆ ಸುಣ್ಣ ಒತ್ತಿಹಿಡಿದ ಐದು ನಿಮಿಷ ನನಗೆ ನೆನಪಿದೆ.

ನಿಮ್ಮ ನಾಯಕಿಯ ಗಂಡನೂ "ಗಾಂಧಿ ಬಜಾರಿನಲ್ಲಿದ್ದೆ" ಎಂದು ಹೇಳಿ ಕೂರಲಿ. ಅವಳು ಸುಣ್ಣ ತರಲಿ. ಪ್ರೇಮವೂ ಅನುಮಾನವೂ ಒಂದೇ ಬೆರಳ ತುದಿಯಲ್ಲಿ ಬರುತ್ತವೆ.

ಆಗುಂಬೆ ಮಳೆ
ಅಕ್ಕಾ, ಇದನ್ನು ಓದಿ ಒಮ್ಮೆ ನನ್ನ ಕಾಲನ್ನು ನೋಡಿಕೊಂಡೆ.

ಸಾಗರ ಸೀಮೆ
ಚೆನ್ನಾಗಿದೆ, ಆದರೆ ವಕೀಲರು ಕೇಳುವ ಮೊದಲು ನಾನೇ ಕೇಳುತ್ತೇನೆ. ಉಂಬಳ ಕಚ್ಚಲು ತೀರ್ಥಹಳ್ಳಿಯವರೆಗೆ ಹೋಗಬೇಕಾಗಿಲ್ಲ. ಸಕ್ರೆಬೈಲಿನ ಆನೆ ಬಿಡಾರ ಶಿವಮೊಗ್ಗಕ್ಕೆ ಅಷ್ಟೇನೂ ದೂರವಲ್ಲ, ಮಳೆಗಾಲದಲ್ಲಿ ಆ ಕಾಡಿನಂಚಿಗೆ ಹೋದವನಿಗೂ ಕಚ್ಚಬಹುದು. ಅವನು ಸುಳ್ಳು ಹೇಳಿದ್ದಾನೆ ಎಂದು ತಿಳಿಯಿತೇ ಹೊರತು ಕೊಲೆಯಾದ ಮನೆಗೆ ಹೋಗಿದ್ದಾನೆ ಎಂದು ತಿಳಿಯಲಿಲ್ಲ.

ಕರಿಕೋಟು
ಅಷ್ಟು ತಿಳಿದರೆ ಸಾಕು! ಪೂರ್ತಿ ತಿಳಿದರೆ ಅವಳು ಕಾಗದ ಬರೆದು ಮಲಗಿಬಿಡುತ್ತಾಳೆ. ಅರ್ಧ ತಿಳಿದದ್ದರಿಂದಲೇ ಆ ರಾತ್ರಿ ಉದ್ದವಾಗುವುದು.

ಪುಸ್ತಕದ ಹುಳು
ಉಂಬಳವನ್ನು ನಗೆಯಾಡಬೇಡಿ, ಅದು ನ್ಯಾಯಾಲಯವನ್ನೂ ಹತ್ತಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 2001ರಲ್ಲಿ ವೃದ್ಧೆಯೊಬ್ಬರ ಮನೆಯ ದರೋಡೆಯಾದಾಗ, ತಿಜೋರಿಯ ಬಳಿ ರಕ್ತ ಕುಡಿದು ಉಬ್ಬಿದ ಒಂದು ಉಂಬಳ ಪೊಲೀಸರಿಗೆ ಸಿಕ್ಕಿತು. ಅದರೊಳಗಿನ ರಕ್ತದ ಡಿಎನ್‌ಎಯನ್ನು ಕಾದಿರಿಸಿಕೊಂಡಿದ್ದರು. ವರ್ಷಗಳ ಮೇಲೆ ಬೇರೊಂದು ಪ್ರಕರಣದಲ್ಲಿ ಸಿಕ್ಕವನ ಡಿಎನ್‌ಎ ಅದಕ್ಕೆ ತಾಳೆಯಾಗಿ, 2009ರಲ್ಲಿ ಅವನು ತಪ್ಪೊಪ್ಪಿಕೊಂಡ. ಸಾಗರ ಸೀಮೆಯವರಿಗೆ ಬೇಕಾದ ಉಳಿದರ್ಧ ಇಲ್ಲಿದೆ: ಗಂಡನ ಕಾಲಿನಿಂದ ಉದುರಿದ ಉಂಬಳ ಆ ಮನೆಯ ಬಚ್ಚಲಲ್ಲಿಯೇ ಇದ್ದಿರಬಹುದು.

ಗಣಕ ಗಿರಾಕಿ
ನನ್ನ ತಕರಾರನ್ನು ಹಿಂದಕ್ಕೆ ಪಡೆಯುತ್ತೇನೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ಬಿಟ್ಟುಬಂದ ಫೋನಿಗೆ ಕಣಕಾಲು ಇಲ್ಲ.

ಕರಿಕೋಟು
ತೋಟದ ಮನೆಯವರ ಸುಣ್ಣಕ್ಕೆ ಕಾನೂನಿನ ಒಂದು ಗಂಟು ಹಾಕುತ್ತೇನೆ. ಹೆಂಡತಿ ಹೊರಗೆಡಹಬಾರದ್ದು ಗಂಡ ಆಡಿದ ಮಾತನ್ನು. ಅವಳು ಕಣ್ಣಾರೆ ಕಂಡ ಅವನ ನಡತೆಯನ್ನಲ್ಲ. ಉತ್ತರ ಪ್ರದೇಶದ ಒಂದು ಕೊಲೆ ಪ್ರಕರಣದಲ್ಲಿ, ಗಂಡ ಬೆಳಗಿನ ಜಾವ ಮಾಳಿಗೆಯಿಂದ ಇಳಿದು ಬಂದು ಸ್ನಾನ ಮಾಡಿದ್ದನ್ನು ಹೆಂಡತಿ ನೋಡಿದ್ದಳು. ಅವನು ಅವಳಿಗೆ ಹೇಳಿದ ಮಾತನ್ನು ಪಕ್ಕಕ್ಕಿಟ್ಟು, ಅವಳು ಕಂಡದ್ದನ್ನು ಮಾತ್ರ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಸುಪ್ರೀಂ ಕೋರ್ಟು 1954ರಲ್ಲಿ ಹೇಳಿತು. ಆದ್ದರಿಂದ ಪಂಚೆಯ ಮೇಲಿನ ಕಲೆಗೆ ಅವಳು ಸಾಕ್ಷಿಯಾಗಬಲ್ಲಳು, "ನಾನೇ ಮಾಡಿದೆ" ಎಂಬ ಮಾತಿಗೆ ಆಗಲಾರಳು. ಅವಳು ತನಿಖಾಧಿಕಾರಿ, ಇದೆಲ್ಲ ಅವಳಿಗೆ ಬಾಯಿಪಾಠ. ಸುಣ್ಣ ಒತ್ತುವಾಗ ಅವನು ಬಾಯಿ ತೆರೆಯಲು ಹೊರಟರೆ "ಏನೂ ಹೇಳಬೇಡಿ" ಎನ್ನುತ್ತಾಳೋ, "ಹೇಳಿ" ಎನ್ನುತ್ತಾಳೋ? ಹೇಳಬೇಡಿ ಎಂದರೆ ಅವಳು ಪೊಲೀಸು, ಹೇಳಿ ಎಂದರೆ ಹೆಂಡತಿ.

ತೋಟದ ಮನೆ
ಅಷ್ಟು ಸಲೀಸಾಗಿ ಇಬ್ಭಾಗ ಮಾಡಬೇಡಿ ವಕೀಲರೇ. "ಹೇಳಬೇಡಿ" ಎನ್ನುವುದರಲ್ಲೂ ಹೆಂಡತಿ ಇರುತ್ತಾಳೆ. ನಾನೂ ಆ ದಿನ ಕೇಳಲಿಲ್ಲ. ಕೇಳಿದ್ದರೆ ಅವರು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು.

ಸಾಗರ ಸೀಮೆ
ಸರಿ, ಮದುವೆ ಇರಲಿ. ಗಂಡ ಕೊಲೆಗಾರನೇ ಎಂಬುದನ್ನು ಮಾತ್ರ ಈಗ ನಾನೂ ಊಹಿಸಲಾರೆ, ಅದಕ್ಕೆ ನಿಮ್ಮೆಲ್ಲರ ಮೇಲೆ ಕೋಪವಿದೆ.

ತುಂಗೆಯ ದಡದವಳು
ಎಲ್ಲರಿಗೂ ಋಣಿ. ಹದಿನಾಲ್ಕನೆಯ ಅಧ್ಯಾಯದ ಯಂತ್ರವನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಜಗಲಿ, ಕಾಫಿ, ಎಲೆಯಡಿಕೆ ತಟ್ಟೆ ಬಂದಿವೆ. ಬೆಳಿಗ್ಗೆ ಹತ್ತು ಗಂಟೆಯ ಕಾಗದವನ್ನು ಕೊನೆಯ ಅಧ್ಯಾಯಕ್ಕೆ ಕೊಂಡೊಯ್ದಿದ್ದೇನೆ. ಬಚ್ಚಲ ಒಲೆಯ ಬೂದಿಯೂ ಎರಡನೆಯ ಅಧ್ಯಾಯದಲ್ಲಿ ಸೇರಿದೆ, ಆಸ್ಪತ್ರೆ ಓಣಿಯವರಿಗೆ ವಿಶೇಷ ವಂದನೆಗಳು.

ತೋಟದ ಮನೆ
ಇನ್ನೊಂದು ಮಾತು ಉಳಿದಿದೆ, ಬೇಸರ ಮಾಡಿಕೊಳ್ಳಬೇಡಿ. ಎಂಟು ದಿನ ಬಿಡದೆ ಮಳೆ ಸುರಿಯುತ್ತಿತ್ತು, ಅದರ ನಡುವೆ ಗಂಡ ಔಷಧಿ ಹೊಡೆಯಲು ಹೋಗಿದ್ದ ಎಂದು ಬರೆದಿದ್ದೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಕಲಸಿದ ಬೋರ್ಡೋ ದ್ರಾವಣ ಗೊನೆಗೆ ಅಂಟಬೇಕಾದರೆ ಮಳೆ ಒಂದಿಷ್ಟು ಹೊತ್ತು ಬಿಡುವು ಕೊಡಲೇಬೇಕು. ಡ್ರೋನಾದರೂ ಅಷ್ಟೆ, ದೋಟಿಯಾದರೂ ಅಷ್ಟೆ. ಜಡಿಮಳೆಯಲ್ಲಿ ಔಷಧಿ ಹೊಡೆಯಲು ಹೋದೆ ಎಂದರೆ ನಮ್ಮ ಕಡೆಯ ಮಕ್ಕಳೂ ನಂಬುವುದಿಲ್ಲ. ಅದು ನಿಮ್ಮ ತಪ್ಪಾದರೆ ತಿದ್ದಿ, ಅವನ ಮೊದಲ ಸುಳ್ಳಾದರೆ ಹಾಗೆಯೇ ಇರಲಿ. ಅಲ್ಲ, ಹದಿನೈದು ಅಧ್ಯಾಯ ಕೇಳಿದ ನಿಮ್ಮ ಬಳಗದಲ್ಲಿ ತೋಟವಿದ್ದವರು ಒಬ್ಬರೂ ಇರಲಿಲ್ಲವೇ?

ತುಂಗೆಯ ದಡದವಳು
ಒಬ್ಬರಿದ್ದರು. ಅವರೇ ಚಹಾದ ಲೋಟವನ್ನು ಕೆಳಗಿಟ್ಟು ಎದ್ದವರು.